ಬಸ್ಸು, ರೈಲು, ಅರಮನೆಯ ಪುಟ್ಟ ಮಾದರಿ ಮಾರಿದರೆ ಕಾಪಿರೈಟ್ ತೊಂದರೆ ಆಗುತ್ತಾ?

ಕೇಳಿದ್ದು: ಹವ್ಯಾಸಕ್ಕೆ ಸನ್‌ಬೋರ್ಡ್ ಅನ್ನೋ ಹಗುರ ಫೋಮ್ ಹಲಗೆಯಲ್ಲಿ 1:24 ಅಳತೆಯ ಕೆಎಸ್‌ಆರ್‌ಟಿಸಿ ಕೆಂಪು ಬಸ್ಸು ಮಾಡ್ತೀನಿ. ನಿವೃತ್ತ ಚಾಲಕರೊಬ್ಬರು ತಾವು ಓಡಿಸಿದ ಬಸ್ಸಿನದೇ ಮಾದರಿ ಬೇಕು, ದುಡ್ಡು ಕೊಡ್ತೀನಿ ಅಂದಿದ್ದಾರೆ. ಅವರನ್ನು ನೋಡಿ ಇನ್ನೂ ನಾಲ್ಕೈದು ಜನ ಕೇಳ್ತಿದ್ದಾರೆ. ಗೆಳೆಯ ಮಾತ್ರ "ಕಾಪಿರೈಟ್ ಕೇಸು ಬೀಳುತ್ತೆ ನೋಡ್ತಿರು" ಅಂತ ಹೆದರಿಸ್ತಾನೆ. ಮಾರಿದ ಅನುಭವ ಇರುವವರು ದಯವಿಟ್ಟು ಹೇಳಿ.

ತುಮಕೂರಿನಿಂದ: ಮನೆಯ ಶೋಕೇಸಿಗೆ ಮಾಡಿಕೊಳ್ಳೋದಕ್ಕೆ ತಲೆ ಕೆಡಿಸ್ಕೋಬೇಡಿ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ ಜಾಗ ಬಿಟ್ಟಿದೆ. ಮಾರೋಕೆ ಹೊರಟಾಗ ನಿಮ್ಮ ಗೆಳೆಯ ಹೇಳೋ ಕಾಪಿರೈಟ್‌ಗಿಂತ ಬೇರೆ ಎರಡು ಕಾನೂನು ಮುಖ್ಯ. ಬಸ್ಸಿನ ಬಾಡಿಯ ಆಕಾರ ಡಿಸೈನ್ ಕಾಯ್ದೆಗೆ ಸೇರುತ್ತೆ. ನೋಂದಾಯಿಸಿದ್ದರೆ ಮೊದಲು 10 ವರ್ಷ ರಕ್ಷಣೆ, ಮುಂದುವರಿಸಿದರೆ ಇನ್ನೂ 5, ಅಲ್ಲಿಗೆ ಮುಗೀತು. ನೋಂದಾಯಿಸದೆ ಕಾರ್ಖಾನೆಯಲ್ಲಿ 50ಕ್ಕಿಂತ ಹೆಚ್ಚು ಮಾಡಿಬಿಟ್ಟರೆ ಆ ಡಿಸೈನಿನ ಮೇಲಿನ ಕಾಪಿರೈಟೂ ಹೋಗುತ್ತೆ, ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ ನೋಡಿ. ಚಾಲಕರು ಓಡಿಸ್ತಿದ್ದ ಹಳೇ ಬಸ್ಸಿನ ಆಕಾರದ ಮೇಲೆ ಯಾರೂ ಬರಲಿಕ್ಕಿಲ್ಲ.

ನಿಜವಾಗಿ ಕಚ್ಚೋದು ಟ್ರೇಡ್‌ಮಾರ್ಕ್. ಗಂಡಭೇರುಂಡದ ಲೋಗೊ, ಆ ಐದಕ್ಷರದ ಹೆಸರು. ಆ ಹೆಸರಿಗಾಗಿ ಕೇರಳ-ಕರ್ನಾಟಕ ಎರಡೂ ಸರ್ಕಾರಿ ಸಂಸ್ಥೆಗಳೇ ವರ್ಷಗಟ್ಟಲೆ ಕಿತ್ತಾಡಿದವು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿ ವಜಾ ಮಾಡಿತು. ಹೆಸರನ್ನು ಅಷ್ಟು ಹಚ್ಚಿಕೊಂಡವರ ಲೋಗೊ ಅಂಟಿಸಿ ಮಾರೋಕೆ ನನಗಂತೂ ಧೈರ್ಯ ಇಲ್ಲ. ಲೋಗೊ ಬಿಟ್ಟು, ಮುಂದಿನ ಗಾಜಿನ ಮೇಲೆ ಊರಿನ ಬೋರ್ಡು ಮಾತ್ರ ಕೈಯಲ್ಲಿ ಬರೆದು ಕೊಡ್ತೀನಿ. "ಶಿರಾ – ಹಿರಿಯೂರು" ಅಂತಿದ್ದರೆ ತಗೊಳ್ಳೋರಿಗೆ ಅಷ್ಟೇ ಸಾಕು.

ಹುಬ್ಬಳ್ಳಿಯಿಂದ: ರೈಲಿನವರದೂ ಇದೇ ಕಥೆ. ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆ ತನ್ನ ಲೋಗೊ ಹಾಕುವ ಮಾಡೆಲ್ ಕಂಪನಿಗಳು ರಾಯಲ್ಟಿ ಕೊಡಬೇಕು ಅಂತ ಹಟ ಹಿಡಿದಿತ್ತು. ಹವ್ಯಾಸಿಗಳೆಲ್ಲ ಉರಿದುಬಿದ್ದರು. ಎಂಟಿಎಚ್ ಅನ್ನೋ ಮಾಡೆಲ್ ರೈಲಿನ ಕಂಪನಿ ಕೋರ್ಟಿನಲ್ಲಿ ಎದುರು ನಿಂತಿತು, 2006ರಲ್ಲಿ ರಾಜಿಯಾಗಿ ರೈಲ್ವೆಯವರು ರಾಯಲ್ಟಿ ಕೈಬಿಟ್ಟರು. ತನ್ನ ರೈಲನ್ನು ಪ್ರೀತಿಸೋ ಜನರ ಹತ್ತಿರವೇ ವಸೂಲಿಗೆ ಇಳಿಯೋದು ಎಂಥಾ ಬುದ್ಧಿ, ಹೇಳಿ.

ಸ್ಟುಟ್‌ಗಾರ್ಟ್‌ನಿಂದ, ಮೂಲ ದಾವಣಗೆರೆ: ಇಲ್ಲಿ ಒಪೆಲ್ ಕಂಪನಿ, ಆಸ್ಟ್ರಾ ಕಾರಿನ ರಿಮೋಟ್ ಮಾದರಿಯ ಮೇಲೆ ತನ್ನ ಲೋಗೊ ಇದೆ ಅಂತ ಆಟೆಕ್ ಅನ್ನೋ ಆಟಿಕೆ ಕಂಪನಿಯ ಮೇಲೆ ಕೇಸು ಹಾಕಿತ್ತು. 2007ರಲ್ಲಿ ಯುರೋಪಿನ ಕೋರ್ಟು, ಅದು ಕಾರಿನ ತದ್ರೂಪದ ಭಾಗವೋ, ಅಥವಾ ಆಟಿಕೆಯನ್ನೂ ಒಪೆಲ್ಲೇ ಮಾಡಿದೆ ಅಂತ ಜನ ತಿಳ್ಕೊಳ್ತಾರೋ ನೋಡಿ ಅಂತು. 2010ರಲ್ಲಿ ಜರ್ಮನ್ ಸುಪ್ರೀಂ ಕೋರ್ಟು ಆಟೆಕ್ ಕಡೆ ತೀರ್ಪು ಕೊಟ್ಟಿತು. ರಿಮೋಟಿನ ಮೇಲೆ ಆಟೆಕ್‌ನ ಸ್ವಂತ ಬ್ರ್ಯಾಂಡಿನ ಹೆಸರಿತ್ತು. ಭಾರತದ ಕೋರ್ಟಿಗೆ ಇದು ಕಟ್ಟುಪಾಡಲ್ಲ, ಆದರೆ ನೀವೂ ತಳದಲ್ಲಿ ನಿಮ್ಮ ಹೆಸರು ಹಾಕಿ. ಹಾಗೇ ಲೋಗೊ 28ನೇ ವರ್ಗದಲ್ಲಿ, ಅಂದರೆ ಆಟಿಕೆಗಳಿಗೆ, ನೋಂದಣಿ ಆಗಿದೆಯಾ ಅಂತ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಹುಡುಕಿ, ಪುಕ್ಕಟೆ.

ಮೈಸೂರಿನಿಂದ: ನಾನು ಕಟ್ಟಡ ಮಾಡೋನು. ಬೇಲೂರು ದೇವಸ್ಥಾನಕ್ಕೆ ಯಾವ ಕಾಪಿರೈಟು! ಅರಮನೆಯ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ತೀರಿಕೊಂಡದ್ದು 1922ರಲ್ಲಿ, ಅದಾದ ಮೇಲೆ ಕಾಪಿರೈಟ್ ಉಳಿಯೋ 60 ವರ್ಷ ಯಾವತ್ತೋ ಕಳೀತು. ಹೊಸ ಕಟ್ಟಡದ ವಿಷಯ ಬೇರೆ. ಅದರ ಫೋಟೊ, ಚಿತ್ರಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಆದರೆ ಆ ಪಟ್ಟಿಯಲ್ಲಿ ಮಾಡೆಲ್ ಇಲ್ಲ. ಮುಂಬಯಿಯ ತಾಜ್ ಮಹಲ್ ಪ್ಯಾಲೇಸ್ ಹೋಟೆಲಂತೂ ಹಳೇ ಕಟ್ಟಡವೇ, ಆದರೂ 2017ರಲ್ಲಿ ಅದರ ರೂಪಕ್ಕೇ ಟ್ರೇಡ್‌ಮಾರ್ಕ್ ಮಾಡಿಸಿದರು.

ಬೆಂಗಳೂರಿನಿಂದ, 3ಡಿ ಪ್ರಿಂಟಿಂಗ್: ಎಲ್ಲರೂ ದೊಡ್ಡ ಕಂಪನಿಗೆ ಹೆದರ್ತೀರಿ, ಜಗಳ ಆಗೋದು ನಮ್ಮ ನಮ್ಮಲ್ಲೇ. ಚಕ್ರ, ಸೀಟು, ಸ್ಟೀರಿಂಗ್ ಅಂತ ಜಾಲದಿಂದ ಎಸ್‌ಟಿಎಲ್ ಫೈಲ್ (3ಡಿ ಪ್ರಿಂಟ್ ತೆಗೆಯೋಕೆ ಬೇಕಾದ ಆಕಾರದ ಫೈಲ್) ಇಳಿಸ್ತೀರಲ್ಲ, ಅದರ ಲೈಸೆನ್ಸ್ ಓದಿ. ಕ್ರಿಯೇಟಿವ್ ಕಾಮನ್ಸ್ ಅನ್ನೋ ಮುಕ್ತ ಲೈಸೆನ್ಸಿನಲ್ಲಿ ಎನ್‌ಸಿ ಅಂತಿದ್ದರೆ ಪ್ರಿಂಟ್ ತೆಗೆದು ಮಾರೋ ಹಾಗಿಲ್ಲ, ಎನ್‌ಡಿ ಅಂತಿದ್ದರೆ ಬದಲಾಯಿಸಿ ಹಂಚೋ ಹಾಗಿಲ್ಲ. ಬರೀ ಬಿವೈ ಇದ್ದರೆ ಮಾಡಿದವರ ಹೆಸರು ಹಾಕಿ ಮಾರಬಹುದು.

ನಾನು ಕೂತು ಡ್ರಾ ಮಾಡಿದ ಲೈಲ್ಯಾಂಡ್ ಬಸ್ಸಿನ ಮುಂದಿನ ಗ್ರಿಲ್ಲನ್ನು ಒಬ್ಬ ಅಚ್ಚು ತೆಗೆದು ರೆಸಿನ್‌ನಲ್ಲಿ ಸುರಿದು ಮಾರ್ತಿದ್ದ. ಬಲಗಡೆ ಮೂರನೇ ಪಟ್ಟಿಯ ಅಂಚಿನಲ್ಲಿ ನನ್ನ ಪ್ರಿಂಟರಿನ ಪದರದ ಗೆರೆ ಹಾಗೇ ಉಳಿದಿತ್ತು, ಮೇಲೆ ಗಾಳಿಗುಳ್ಳೆ ಬೇರೆ. ಫೈಲ್ ಮಾಡಿದ ದಿನಾಂಕ, ಕಚ್ಚಾ ಡ್ರಾಯಿಂಗ್ ಎರಡನ್ನೂ ಕಳಿಸಿದ ಮೇಲೆ ತೆಗೆದುಹಾಕಿದ. ನಮ್ಮಲ್ಲಿ ಕಾಪಿರೈಟ್‌ಗೆ ನೋಂದಣಿ ಕಡ್ಡಾಯ ಅಲ್ಲ, ಆದರೆ ಮೊದಲು ಮಾಡಿದ್ದು ನೀವೇ ಅಂತ ತೋರಿಸೋಕೆ ಏನಾದ್ರೂ ಇರಬೇಕು. ಕೆಲಸ ನಡೀತಿರುವಾಗಲೇ ಫೋಟೊ ತೆಗೆದಿಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಚಾಲಕರ ಬಸ್ಸು ಲೋಗೊ ಇಲ್ಲದೆ ಮಾಡಿಕೊಡ್ತೀನಿ. ಚಕ್ರದ ಫೈಲ್ ಎನ್‌ಸಿ ಅಂತಲೇ ಇದೆ, ಅದನ್ನು ಮಾಡಿದವರಿಗೆ ಕೇಳಿ ಬರೆದಿದ್ದೀನಿ. ಅವರು ಬೇಡ ಅಂದರೆ ಸನ್‌ಬೋರ್ಡ್‌ನಲ್ಲೇ ಕೊಯ್ಯೋದು.