ಫೆಸ್ಟ್ ಸ್ಟಾಲಿಗೆ 150 ಪ್ಲೇಟ್ ಮಂಡಕ್ಕಿ–ಮಿರ್ಚಿ: ಲೆಕ್ಕ ಹೇಗೆ, ಮುದ್ದೆ ಆಗದ ಹಾಗೆ ಹೇಗೆ?

ತೋಳಹುಣಸೆ_ಬಸ್

ಶಿವಗಂಗೋತ್ರಿ ಕ್ಯಾಂಪಸ್‌ನಲ್ಲಿ ನಮ್ಮ ವಿಭಾಗದಿಂದ ತಿಂಡಿ ಸ್ಟಾಲ್ ಹಾಕ್ತಿದೀವಿ. ಮೊದಲು ಬೆಣ್ಣೆ ದೋಸೆ ಅಂತ ಮಾತಾಗಿತ್ತು. ಆದರೆ ದಾವಣಗೆರೆಯಲ್ಲಿ ನಿಂತು ಬೆಣ್ಣೆ ದೋಸೆ ಕೆಡಿಸಿದರೆ ಡಿಗ್ರಿ ವಾಪಸ್ ತಗೋತಾರೆ ಅಂತ ಕೈಬಿಟ್ವಿ. ಈಗ ಮಂಡಕ್ಕಿ ಒಗ್ಗರಣೆ, ಪಕ್ಕದಲ್ಲಿ ಎರಡು ಮಿರ್ಚಿ. ಬೆಳಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ 150 ಪ್ಲೇಟ್ ಹೋಗಬಹುದು ಅಂತ ಅಂದಾಜು.

ಸಾಮಾನು ಎಷ್ಟೆಷ್ಟು ತರಬೇಕು? ಮಂಡಕ್ಕಿ ಬೆಳಗ್ಗೇನೇ ಕಲಸಿಟ್ಟರೆ ನಡೆಯುತ್ತಾ? ಮಿರ್ಚಿ ಎಣ್ಣೆ ಕುಡಿಯೋದು ಯಾಕೆ? ಗೊತ್ತಿರೋರು ಅಳತೆ ಸಮೇತ ಹೇಳಿ. "ಅಂದಾಜಿಗೆ ಹಾಕಿ" ಅನ್ನೋ ಉತ್ತರ ಬೇಡ, ನಮ್ಮ ಅಂದಾಜಿನ ಮೇಲೆ ನಮಗೇ ನಂಬಿಕೆ ಇಲ್ಲ.

ಪುಟಾಣಿ_ಪುಡಿ

ಒಂದು ಪ್ಲೇಟಿಗೆ 45 ಗ್ರಾಂ ಒಣ ಮಂಡಕ್ಕಿ ಹಿಡಿರಿ. 150ಕ್ಕೆ ಪೌಣೆ ಏಳು ಕೆಜಿ ಆಗುತ್ತೆ, 7 ಕೆಜಿ ತನ್ನಿ. ಚೀಲ ನೋಡಿ "ಅಯ್ಯೋ ಇಷ್ಟೊಂದಾ" ಅಂತ ಕಡಿಮೆ ಮಾಡಬೇಡಿ. ನೀರಿಗೆ ಬಿದ್ದು ಹಿಂಡಿದ ಮೇಲೆ ಗುಡ್ಡೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ.

ಪ್ರತಿ 1 ಕೆಜಿ ಮಂಡಕ್ಕಿಗೆ: ಈರುಳ್ಳಿ 800 ಗ್ರಾಂ, ಟೊಮೆಟೊ 400 ಗ್ರಾಂ, ಹಸಿಮೆಣಸಿನಕಾಯಿ 60 ಗ್ರಾಂ, ಎಣ್ಣೆ 200 ಮಿಲಿ, ಶೇಂಗಾ 150 ಗ್ರಾಂ, ಪುಟಾಣಿ ಪುಡಿ 150 ಗ್ರಾಂ, ಅರಿಶಿನ ಒಂದು ಟೀ ಚಮಚ, ನಿಂಬೆಹಣ್ಣು ನಾಲ್ಕು. ಸಾಸಿವೆ, ಜೀರಿಗೆ, ಕರಿಬೇವು, ಕೊತ್ತಂಬರಿ ಇದ್ದದ್ದೇ. ಎಲ್ಲವನ್ನೂ ಏಳರಿಂದ ಗುಣಿಸಿ, ಮೇಲೆ ಉದುರಿಸೋ ಹಸಿ ಈರುಳ್ಳಿಗೆ ಇನ್ನೊಂದು ಕೆಜಿ ಸೇರಿಸಿ.

ಕಲಸಿಡೋ ಪ್ರಶ್ನೆಗೆ ಉತ್ತರ: ಒಗ್ಗರಣೆ ಪೂರ್ತಿ ಬೆಳಗ್ಗೆ ಮಾಡಿಡಬಹುದು, ಮಂಡಕ್ಕಿ ಮಾತ್ರ ಕಲಸಬೇಡಿ. ಮಂಡಕ್ಕಿ ಭಟ್ಟಿಯಲ್ಲೇ ಬೆಂದು ಅರಳಿರೋ ಅಕ್ಕಿ, ಒಳಗೆಲ್ಲ ತೂತು. ನೀರು ಸ್ಪಂಜಿಗೆ ಹೋದ ಹಾಗೆ ಒಳಗೆ ಹೋಗುತ್ತೆ. ಅದಕ್ಕೇ ಇಲ್ಲಿ ನಿಮಿಷದ ಲೆಕ್ಕ ಇಲ್ಲ, ಸೆಕೆಂಡಿನದ್ದು. ಅಗಲ ಬಾಯಿಯ ಪಾತ್ರೆಯಲ್ಲಿ ತಣ್ಣೀರು ಇಟ್ಟು ಎರಡು ಬೊಗಸೆ ಮಂಡಕ್ಕಿ ಹಾಕಿ, ಅಂಗೈಯಿಂದ ಒಮ್ಮೆ ಮುಳುಗಿಸಿ, ಐದರವರೆಗೆ ಎಣಿಸಿ ತೆಗೆಯಿರಿ. ಎರಡು ಅಂಗೈ ನಡುವೆ ಇಟ್ಟು ಒತ್ತಬೇಕು, ಬಟ್ಟೆ ತಿರುಚಿದ ಹಾಗೆ ತಿರುಚಬಾರದು. ಮುಷ್ಟಿ ಬಿಟ್ಟಾಗ ಉಂಡೆ ತಾನಾಗಿ ಬಿಚ್ಚಿಕೊಂಡು ಕಾಳು ಬಿಡಿಬಿಡಿ ಬಿದ್ದರೆ ಸರಿ. ಉಂಡೆ ಉಂಡೆಯಾಗೇ ಉಳಿದರೆ ನೆನೆಸಿದ್ದು ಜಾಸ್ತಿಯಾಗಿದೆ, ಅದನ್ನ ಯಾವ ಒಗ್ಗರಣೆಯೂ ಉಳಿಸಲ್ಲ.

ಇನ್ನೊಂದು: ಪಾತ್ರೆಯ ನೀರನ್ನ ಮಂಡಕ್ಕಿ ಸಮೇತ ಜರಡಿಗೆ ಸುರಿಯಬೇಡಿ. ಮಂಡಕ್ಕಿ ಅರಳೋದು ಕಾದ ಮರಳಲ್ಲಿ, ಎಷ್ಟು ಸೋಸಿದರೂ ಒಂದೆರಡು ಕಣ ಉಳಿದಿರುತ್ತೆ. ಮೇಲಿಂದ ಕೈಯಲ್ಲಿ ಎತ್ತಿದರೆ ಮರಳು ತಳದಲ್ಲೇ ಕೂರುತ್ತೆ. ಎರಡು ಕೆಜಿಗೊಮ್ಮೆ ನೀರು ಬದಲಿಸಿ. ಉಪ್ಪೂ ಹುಷಾರು. ಅರಳಿಸೋ ಮುಂಚೆ ಅಕ್ಕಿಗೆ ಉಪ್ಪುನೀರು ಹಾಕಿರ್ತಾರೆ, ನೆನೆಸಿದಾಗ ಅದರಲ್ಲಿ ಸ್ವಲ್ಪ ತೊಳೆದು ಹೋಗುತ್ತೆ. ಹಿಂಡಿದ ಮೇಲೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡಿ, ಆಮೇಲೆ ಒಗ್ಗರಣೆಗೆ ಉಪ್ಪು.

ಸ್ಟಾಲಿನಲ್ಲಿ ಒಂದೊಂದೇ ಕೆಜಿ ಕಲಸಿ. ಒಂದು ಕೆಜಿಗೆ 22 ಪ್ಲೇಟ್, ಮೂರು ಗಂಟೆಯಲ್ಲಿ ಏಳು ಸಲ. ಬಿಸಿ ಒಗ್ಗರಣೆಗೆ ಹಿಂಡಿದ ಮಂಡಕ್ಕಿ ಹಾಕಿ, ಎರಡು ನಿಮಿಷ ಮಗುಚಿ, ಒಲೆ ಆರಿಸಿದ ಮೇಲೆ ಪುಟಾಣಿ ಪುಡಿ. ಉಳಿದ ತೇವ ಎಳೆದುಕೊಳ್ಳೋದು ಈ ಪುಡಿಯ ಕೆಲಸ. ಬೇಗ ಹಾಕಿದರೆ ತಳ ಹಿಡಿದು ಸೀದ ವಾಸನೆ ಬರುತ್ತೆ. ನಿಂಬೆರಸವೂ ಕೊನೆಗೇ, ಕುದಿಯೋ ಒಗ್ಗರಣೆಗೆ ಬಿದ್ದರೆ ಕಹಿಯಾಗುತ್ತೆ.

ಬಾಣಲೆ_ಬಿಸಿ

ಮಿರ್ಚಿ ಭಾಗ ನಂದು.

300 ಮಿರ್ಚಿಗೆ ಬಜ್ಜಿ ಮೆಣಸಿನಕಾಯಿ ಏಳೂವರೆ ಕೆಜಿ (ಕೆಜಿಗೆ 40–45 ಬರುತ್ತೆ), ಕಡಲೆಹಿಟ್ಟು ಐದೂವರೆ ಕೆಜಿ, ಅಕ್ಕಿಹಿಟ್ಟು ಅರ್ಧ ಕೆಜಿ, ಓಂಕಾಳು 50 ಗ್ರಾಂ, ಎಣ್ಣೆ 6 ಲೀಟರ್. ಆರು ಲೀಟರನ್ನೂ ಒಟ್ಟಿಗೆ ಸುರಿಯಬೇಡಿ. ಮೂರರಿಂದ ಶುರು ಮಾಡಿ ಇಳಿದ ಹಾಗೆ ತುಂಬಿಸ್ತಾ ಹೋಗಿ.

ಎಣ್ಣೆ ಕುಡಿಯೋದಕ್ಕೆ ಕಾರಣ ನಾಲ್ಕು: ಎಣ್ಣೆ ಕಾದಿಲ್ಲ, ಹಿಟ್ಟು ತೆಳು, ಸೋಡಾ ಜಾಸ್ತಿ, ಇಲ್ಲಾ ಬಾಣಲೆ ತುಂಬ ಒಟ್ಟಿಗೆ ಬಿಟ್ಟಿದೀರಿ. ಕೊನೆಯದ್ದೇ ಸ್ಟಾಲುಗಳ ರೋಗ. ಕ್ಯೂ ಉದ್ದ ಆದ ಹಾಗೆ ಹನ್ನೆರಡರ ಜಾಗದಲ್ಲಿ ಇಪ್ಪತ್ತು ಬೀಳುತ್ತೆ, ಎಣ್ಣೆ ಒಮ್ಮೆಲೇ ತಣ್ಣಗಾಗುತ್ತೆ, ಮಿರ್ಚಿ ಕರಿಯೋ ಬದಲು ನೆನೆಯುತ್ತೆ. ಹಾಗಂತ ಉರಿ ಪೂರ್ತಿ ಏರಿಸಿದರೆ ಹೊರಗೆ ಕಂದು, ಒಳಗೆ ಮೆಣಸಿನಕಾಯಿಗೆ ಅಂಟಿಕೊಂಡು ಹಸಿ ಹಿಟ್ಟು. ಒಂದು ಹನಿ ಹಿಟ್ಟು ಬಿಟ್ಟು ನೋಡಿ: ತಳ ಮುಟ್ಟಿ ತಕ್ಷಣ ಮೇಲೆ ಬಂದರೆ ಹದ, ತಳದಲ್ಲೇ ಕೂತರೆ ಕಾಯಬೇಕು, ಮುಳುಗದೇ ಕಪ್ಪಾದರೆ ಉರಿ ತಗ್ಗಿಸಬೇಕು.

ಒಂದು ಕೆಜಿ ಹಿಟ್ಟಿಗೆ ನೀರು ಸುಮಾರು 1.1 ಲೀಟರ್, ಸೋಡಾ ಮಟ್ಟಸ ಒಂದು ಟೀ ಚಮಚ, ಕಾದ ಎಣ್ಣೆ ಎರಡು ದೊಡ್ಡ ಚಮಚ. ಆರು ಕೆಜಿಗೂ ಒಟ್ಟಿಗೆ ಸೋಡಾ ಕಲಸಿಟ್ಟರೆ ಒಂದು ಗಂಟೆಗೆ ಗಾಳಿ ಹೋಗಿ ಕೊನೆಯ ಮಿರ್ಚಿಗಳು ಗಟ್ಟಿ. ಹಿಟ್ಟು, ಉಪ್ಪು, ಓಂಕಾಳು ಒಣದಾಗಿ ಬೆರೆಸಿಟ್ಟುಕೊಳ್ಳಿ. ನೀರು, ಸೋಡಾ ಕೆಜಿ ಕೆಜಿಗೆ.

ಮೆಣಸಿನಕಾಯಿ ತೊಳೆದು ಬಟ್ಟೆಯಲ್ಲಿ ಒರೆಸಿ. ತೇವ ಇದ್ದರೆ ಹಿಟ್ಟು ಜಾರಿ ಬೆತ್ತಲೆ ಮಿರ್ಚಿ ಬರುತ್ತೆ. ಉದ್ದಕ್ಕೆ ಒಂದು ಸೀಳು ಕಡ್ಡಾಯ. ಸೀಳದಿದ್ದರೆ ಒಳಗಿನ ಆವಿಗೆ ದಾರಿ ಇಲ್ಲದೆ ಸಿಡಿಯುತ್ತೆ, ಸಿಡಿದದ್ದು ಕರಿಯೋನ ಕೈ ಮೇಲೆ. ಸೀಳಿನೊಳಗೆ ಉಪ್ಪು, ಜೀರಿಗೆ ಪುಡಿ, ಹುಣಸೆ ರಸ ಕಲಸಿ ಸವರಿದರೆ ಖಾರ ಹದಕ್ಕೆ ಬರುತ್ತೆ.

ಹನ್ನೆರಡರಂತೆ 25 ಸಲ, ಸಲಕ್ಕೆ ನಾಲ್ಕು ನಿಮಿಷ. ನೂರು ನಿಮಿಷ ಬಾಣಲೆ ಮುಂದೆಯೇ ಇರಬೇಕು. ಅದಕ್ಕೆ 10 ಗಂಟೆಯಿಂದ ಅರೆ ಕರಿದಿಡಿ: ಎರಡು ನಿಮಿಷ, ಹಿಟ್ಟು ಗಟ್ಟಿಯಾಗಿ ಬಿಳಿಚಿಕೊಂಡೇ ಇರಬೇಕು. ಗಿರಾಕಿ ಬಂದಾಗ ಜೋರು ಉರಿಯಲ್ಲಿ ಇನ್ನೊಂದು ನಿಮಿಷ. ಅರೆ ಕರಿದದ್ದನ್ನ ಮುಚ್ಚಿಡಬೇಡಿ, ಬೆವರುತ್ತೆ.

ಸಿಲಿಂಡರ್ 19 ಕೆಜಿ ವಾಣಿಜ್ಯದ್ದೇ ತನ್ನಿ, ರೂಮಿಂದ 14.2 ಕೆಜಿಯದ್ದು ಎತ್ತಿಕೊಂಡು ಬರಬೇಡಿ. ಬಾಣಲೆ ಪಕ್ಕ ಅದಕ್ಕೆ ಸರಿಹೊಂದೋ ಮುಚ್ಚಳ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ ಮುಚ್ಚಳ ಹಾಕಬೇಕು, ನೀರು ಯಾವತ್ತೂ ಅಲ್ಲ.

ಮಂಡಿಪೇಟೆ_ಮೂಲೆ

ಇಷ್ಟೆಲ್ಲ ರಗಳೆ ಯಾಕೆ? ಗಿರ್ಮಿಟ್ ಮಾಡಿ. ಮಂಡಕ್ಕಿ ನೆನೆಸೋದೇ ಇಲ್ಲ. ಈರುಳ್ಳಿ–ಟೊಮೆಟೊ–ಹುಣಸೆ–ಬೆಲ್ಲದ ಗೊಜ್ಜು ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡಿ. ಕೊಡೋವಾಗ ಕಲಸು, ಪುಟಾಣಿ ಪುಡಿ, ಸೇವು, ಮುಗೀತು.

ಕೊಳ್ಳೋವಾಗ ಒಂದು ಕಾಳು ಬೆರಳಲ್ಲಿ ಒತ್ತಿ, ಚಟ್ ಅಂತ ಪುಡಿಯಾಗಬೇಕು. ಬಗ್ಗಿದರೆ ಹಳೇದು, ನೆನೆಸಿದಾಗ ರಬ್ಬರ್. ಕಟ್ಟಿ ಕೊಡೋಕೆ ಪೇಪರ್ ಹಾಳೆ ಬೇಡ. ಬಿಸಿ ಎಣ್ಣೆಗೆ ಶಾಯಿ ಬಿಡುತ್ತೆ, ನಿಯಮದ ಪ್ರಕಾರವೂ ಇಲ್ಲ. ಚನ್ನಗಿರಿ ಕಡೆ ತೋಟ ಇಟ್ಟುಕೊಂಡು ಅಡಿಕೆ ಹಾಳೆ ತಟ್ಟೆಗೆ ಯೋಚನೆ ಮಾಡೋದೇನಿದೆ?

ಪುಟಾಣಿ_ಪುಡಿ

ಗಿರ್ಮಿಟ್ ರುಚಿ ಬಗ್ಗೆ ತಕರಾರಿಲ್ಲ, ಅದು ಧಾರವಾಡದ ಕಡೆಯವರ ಹೆಮ್ಮೆ. ಆದರೆ ಕಲಸಿದ ಐದು ನಿಮಿಷಕ್ಕೆ ಮೆತ್ತಗಾಗುತ್ತೆ. ಫೆಸ್ಟಿನಲ್ಲಿ ಪ್ಲೇಟ್ ಹಿಡ್ಕೊಂಡು ಸ್ಟೇಜ್ ನೋಡ್ತಾ ಅರ್ಧ ಗಂಟೆ ತಿನ್ನೋ ಜನಕ್ಕೆ ಒಗ್ಗರಣೆಯೇ ಸರಿ. ಮಿರ್ಚಿ ಜೊತೆಗೆ ಈ ಊರಿನ ಬಾಯಿ ಕೇಳೋದೂ ಅದನ್ನೇ.

ತೋಳಹುಣಸೆ_ಬಸ್

ಒಗ್ಗರಣೆಯೇ ಫೈನಲ್. ಎರಡು ಸಣ್ಣ ಪ್ರಶ್ನೆ. ಬೋರ್ಡಿನಲ್ಲಿ ಏನಂತ ಬರೆಯೋದು? ಕ್ಲಾಸಲ್ಲಿ ಒಬ್ಬೊಬ್ಬರದು ಒಂದೊಂದು ಹೆಸರು. ಮತ್ತೆ ಮಂಡಕ್ಕಿ ಉಳಿದರೆ?

ಮಂಡಿಪೇಟೆ_ಮೂಲೆ

ಮಂಡಕ್ಕಿ ಅಂತಲೇ ಬರೀರಿ. ಹುಬ್ಬಳ್ಳಿಯವರಿಗೆ ಚುರಮುರಿ, ಬಳ್ಳಾರಿಯವರಿಗೆ ಮಂಡಾಳು, ಆದರೂ ಅವರಿಗೆಲ್ಲ ಅರ್ಥ ಆಗುತ್ತೆ. ಮೈಸೂರು ಕಡೆಯವರ ಮಾತು ಕೇಳಿ "ಪುರಿ" ಅಂತ ಮಾತ್ರ ಬರೀಬೇಡಿ. ಅರ್ಧ ಜನ ಪೂರಿ ಅಂದ್ಕೊಂಡು ಸಾಗು ಕೇಳ್ತಾರೆ.

ಬಾಣಲೆ_ಬಿಸಿ

ಕಲಸಿದ್ದು ಉಳಿದರೆ ಅವತ್ತೇ ತಿಂದು ಮುಗಿಸಿ. ಒಣ ಮಂಡಕ್ಕಿ ಡಬ್ಬಕ್ಕೆ ಹಾಕಿ ಬಿಗಿಯಾಗಿ ಮುಚ್ಚಿ. ಮೆತ್ತಗಾದರೆ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿ. ಇಲ್ಲಾ ಮೂರು ಲೋಟ ದೋಸೆ ಅಕ್ಕಿ, ಅರ್ಧ ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಸಿ, ರುಬ್ಬೋ ಹೊತ್ತಿಗೆ ಒಂದು ಲೋಟ ಮಂಡಕ್ಕಿ ಒದ್ದೆ ಮಾಡಿ ಸೇರಿಸಿ. ನೀವು ಹೆದರಿ ಕೈಬಿಟ್ಟ ಬೆಣ್ಣೆ ದೋಸೆಯ ಹಿಟ್ಟು ಅದೇ. ರೂಮಿನಲ್ಲಿ ಮಾಡ್ಕೊಳ್ಳಿ, ಅಲ್ಲಿ ಡಿಗ್ರಿ ಯಾರೂ ಕೇಳಲ್ಲ.