ವಿಎಸ್ ಕೋಡ್: ‘ಜೀ’ ಒತ್ತಿದ ಕೂಡಲೇ ಫೈಲ್ ಮಾಯ, ಒತ್ತಕ್ಷರದ ಬುಡವೂ ಕಾಣುತ್ತಿಲ್ಲ

ಗದ್ದೆಬದು

ನಾಟಿ ಭತ್ತದ ತಳಿಗಳ ಬಗ್ಗೆ ನಮ್ಮ ಸೋದರಮಾವ ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿಗಳು ಈಗ ನನ್ನ ಕೈಗೆ ಬಂದಿವೆ. ತಳಿಗೊಂದು ಫೈಲ್, ಹೆಸರೆಲ್ಲ ಕನ್ನಡದಲ್ಲೇ. ಅವರ ಹಳೇ ಮ್ಯಾಕ್‌ನಲ್ಲಿ ಜಿಪ್ ಮಾಡಿ ಕಳಿಸಿದ್ದನ್ನು ನನ್ನ ಉಬುಂಟುವಿನಲ್ಲಿ ಬಿಚ್ಚಿಕೊಂಡು ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ (ಬರಹ ತಿದ್ದುವ ತಂತ್ರಾಂಶ) ತಿದ್ದುತ್ತಿದ್ದೇನೆ.

‘ಶಾಸ್ತ್ರ’ದಂಥ ಪದ ಬಂದಲ್ಲಿ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ‘ಟ್ರ್ಯಾಕ್ಟರ್‌ಗೆ’ ಎಂದು ಬರೆದಲ್ಲೆಲ್ಲ ನಡುವೆ ಹಳದಿ ಚೌಕ. ಇವನ್ನು ಹೇಗೋ ಸಹಿಸಬಹುದು, ನಿಜವಾಗಿ ಕೆಲಸ ಕೆಡಿಸುತ್ತಿರುವುದು ಹುಡುಕಾಟ. ಕಂಟ್ರೋಲ್-ಪಿ ಒತ್ತಿ ಹೆಸರು ಬರೆದರೆ ರಾಜಮುಡಿ, ಗಂಧಸಾಲೆ, ರತ್ನಚೂಡಿ, ಕಗ್ಗ ಎಲ್ಲ ಸಿಗುತ್ತವೆ. ಜೀರಿಗೆ ಸಣ್ಣ, ದೊಡ್ಡಬೈರ ನೆಲ್ಲು ಸಿಗುವುದೇ ಇಲ್ಲ. ಎಡಗಡೆಯ ಪಟ್ಟಿಯಲ್ಲಿ ನೋಡಿದರೆ ಫೈಲ್ ಕಣ್ಣೆದುರೇ ಇದೆ! ‘ಜ’ ಒತ್ತಿದರೆ ಬರುತ್ತದೆ, ‘ಜೀ’ ಆದ ಕೂಡಲೇ ಮಾಯ. ಹೆಸರುಗಳನ್ನು ಇಂಗ್ಲಿಷಿಗೆ ಬದಲಿಸಲು ನನಗೆ ಮನಸ್ಸಿಲ್ಲ. ಮಾವ ಇಟ್ಟ ಹೆಸರು ಹಾಗೇ ಉಳಿಯಬೇಕು.

ಕರಾವಳಿ ಪೆಂಗ್ವಿನ್

ಸೆಟ್ಟಿಂಗ್ಸ್‌ನಲ್ಲಿ ಫೈಲ್ಸ್ ಎಕ್ಸ್‌ಕ್ಲೂಡ್ ನೋಡಿದ್ರಾ? ಅಲ್ಲಿ ಸೇರಿದ ಫೈಲ್ ಹುಡುಕಿದ್ರೂ ಬರಲ್ಲ. ಗಿಟ್ (ಫೈಲ್ ಬದಲಾವಣೆಗಳ ದಾಖಲೆ ಇಡೋ ಸಾಧನ) ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿ, ಅಂದ್ರೆ ಗಿಟ್‌ಇಗ್ನೋರ್‌ನಲ್ಲಿ ಇದ್ರೂ ಹಾಗೇ ಆಗುತ್ತೆ.

ಅರ್ಕಾವತ್ತು

‘ಜ’ಗೆ ಬರುತ್ತದೆ ಅಂದಮೇಲೆ ಎಕ್ಸ್‌ಕ್ಲೂಡ್ ಕಾರಣವಲ್ಲ. ಸಿಗದ ಹೆಸರುಗಳನ್ನೇ ನೋಡಿ: ಜೀ, ದೊ, ಬೈ. ಸಿಗುವ ನಾಲ್ಕರಲ್ಲೂ ಈ ಸ್ವರಗಳಿಲ್ಲ.

ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕೀ, ಕೇ, ಕೈ, ಕೊ, ಕೋ ಈ ಐದರ ಸ್ವರಚಿಹ್ನೆಯನ್ನು ಇಡಿಯಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ನೀವು ಕೀಲಿಮಣೆಯಲ್ಲಿ ಒತ್ತುವ ‘ಜೀ’ಯ ದೀರ್ಘ ಒಂದೇ ಸಂಕೇತ. ಬಿಡಿಸಿದ ರೂಪದಲ್ಲಿ ಅದು ಗುಡಿಸು ಮತ್ತು ದೀರ್ಘದ ಗುರುತು, ಎರಡು ಸಂಕೇತ. ‘ದೊ’ ಆದರೆ ಏತ್ವ ಮತ್ತು ಕೊಂಬಿನ ದೀರ್ಘ. ಫಾಂಟ್ ಎರಡನ್ನೂ ಒಂದೇ ಥರ ತೋರಿಸುವುದರಿಂದ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಹುಡುಕಾಟ ಮಾತ್ರ ಸಂಕೇತಗಳನ್ನೇ ಹೋಲಿಸುತ್ತದೆ. ಹಳೇ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಡಿಸ್ಕ್ ವ್ಯವಸ್ಥೆ ಫೈಲ್ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ಎಂಬ ಹೊಸ ವ್ಯವಸ್ಥೆ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ. ನಿಮ್ಮ ಜಿಪ್ ಹಳೆಯ ರೂಪವನ್ನೇ ಹೊತ್ತು ತಂದಿದೆ.

ಉಬುಂಟುವಿನಲ್ಲಿ ಫೈಲ್ ಹೆಸರಿನ ಸಂಕೇತ ಬದಲಿಸುವ ‘ಕಾನ್ವ್‌ಎಂವಿ’ ಎಂಬ ಪುಟ್ಟ ಸಾಧನ ಸಿಗುತ್ತದೆ, ಹಾಕಿಕೊಳ್ಳಿ. ‘ಯಾವುದರಿಂದ’, ‘ಯಾವುದಕ್ಕೆ’ ಎಂಬ ಎರಡು ಆಯ್ಕೆಗೂ ಯುಟಿಎಫ್-8 (ಯುನಿಕೋಡ್ ಬರೆದಿಡುವ ಪದ್ಧತಿ) ಕೊಟ್ಟು, ಬಿಡಿಸಿದ್ದನ್ನು ಇಡಿಯಾಗಿಸುವ ಎನ್‌ಎಫ್‌ಸಿ ಆಯ್ಕೆ ಸೇರಿಸಿ. ಸುಮ್ಮನೆ ಓಡಿಸಿದರೆ ಏನು ಬದಲಾಗಲಿದೆ ಎಂದು ತೋರಿಸುತ್ತದೆ ಅಷ್ಟೆ, ಏನನ್ನೂ ಮುಟ್ಟುವುದಿಲ್ಲ. ಪಟ್ಟಿ ಓದಿ ಸರಿ ಅನಿಸಿದ ಮೇಲೆ ‘ನೋಟೆಸ್ಟ್’ ಸೇರಿಸಿ ಮತ್ತೆ ಓಡಿಸಿ. ಮೊದಲು ಇಡೀ ಫೋಲ್ಡರಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಇಂಥ ಬರಹ ಇನ್ನೊಂದು ಸಲ ಸಿಗುವಂಥದ್ದಲ್ಲ.

ಒತ್ತಿನ ಬುಡಕ್ಕೆ: ಸೆಟ್ಟಿಂಗ್ಸ್‌ನಲ್ಲಿ ‘ಎಡಿಟರ್ ಲೈನ್ ಹೈಟ್’ (ಸಾಲಿನ ಎತ್ತರ) 0 ಇರುತ್ತದೆ, 1.8 ಮಾಡಿ. ಎಂಟಕ್ಕಿಂತ ಕಡಿಮೆ ಸಂಖ್ಯೆ ಕೊಟ್ಟರೆ ಅಕ್ಷರದ ಗಾತ್ರದ ಅಷ್ಟು ಪಟ್ಟು ಎಂದರ್ಥ. ಫಾಂಟ್ ಪಟ್ಟಿಯ ಕೊನೆಗೆ ನೋಟೊ ಸಾನ್ಸ್ ಕನ್ನಡ ಸೇರಿಸಿ.

ಹಳದಿ ಚೌಕದ ವಿಷಯದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಅಲ್ಲಿ ಕಾಣದ ಅಕ್ಷರವೊಂದಿದೆ, ಜೀರೋ ವಿಡ್ತ್ ನಾನ್ ಜಾಯ್ನರ್, ಎರಡು ಅಕ್ಷರ ಒತ್ತಾಗಿ ಕೂಡದಂತೆ ತಡೆಯುವಂಥದ್ದು. ಅನುಮಾನಾಸ್ಪದ ಅಕ್ಷರ ಎಂದು ಎಡಿಟರ್ ಎಚ್ಚರಿಸುತ್ತಿದೆ, ಆದರೆ ಕನ್ನಡಕ್ಕೆ ಅದು ಬೇಕೇಬೇಕು. ಹುಡುಕಿ ಅಳಿಸಿದಿರೋ, ‘ಟ್ರ್ಯಾಕ್ಟರ್‌ಗೆ’ ಹೋಗಿ ‘ಟ್ರ್ಯಾಕ್ಟರ್ಗೆ’ ಆಗುತ್ತದೆ. ‘ಯುನಿಕೋಡ್ ಹೈಲೈಟ್’ ಕೆಳಗಿನ ‘ಇನ್‌ವಿಸಿಬಲ್ ಕ್ಯಾರೆಕ್ಟರ್ಸ್’ ಟಿಕ್ ತೆಗೆದರೆ ಚೌಕ ಹೋಗುತ್ತದೆ, ಅಕ್ಷರ ಉಳಿಯುತ್ತದೆ.

ಗದ್ದೆಬದು

ಪ್ರತಿ ತೆಗೆದಿಟ್ಟು ಓಡಿಸಿದೆ. ಜೀರಿಗೆ ಸಣ್ಣ ಸಿಕ್ಕಿತು, ದೊಡ್ಡಬೈರನೂ ಬಂತು. ಸಾಲಿನ ಎತ್ತರ 1.8 ಸಾಕಾಗಲಿಲ್ಲ, 2 ಮಾಡಿದ ಮೇಲೆ ಒತ್ತು ಪೂರ್ತಿ ಕಾಣುತ್ತಿದೆ. ಗಿಟ್‌ನಲ್ಲಿ ಹಳೇ ಹೆಸರಿನ ಫೈಲ್ ಅಳಿಸಿದೆ, ಹೊಸದು ಸೇರಿದೆ ಅಂತ ತೋರಿಸುತ್ತಿದೆ. ಹಾಗೇ ಕಮಿಟ್ ಮಾಡಬಹುದೇ (ದಾಖಲಿಸಬಹುದೇ)?

ಅರ್ಕಾವತ್ತು

ಮಾಡಿ. ಎರಡನ್ನೂ ಒಂದೇ ಕಮಿಟ್‌ಗೆ ಹಾಕಿ, ಒಳಗಿನ ಬರಹ ಬದಲಾಗಿಲ್ಲವಾದ್ದರಿಂದ ಗಿಟ್ ಅದನ್ನು ಹೆಸರು ಬದಲಾವಣೆ ಎಂದೇ ಗುರುತಿಸುತ್ತದೆ. ಟರ್ಮಿನಲ್‌ನಲ್ಲಿ ಹೆಸರಿನ ಬದಲು 340, 262 ಎಂಬ ಅಂಕಿಗಳು ಬಂದರೆ ‘ಕೋರ್ ಕೋಟ್‌ಪಾತ್’ ಎಂಬ ಗಿಟ್ ಸೆಟ್ಟಿಂಗ್ ಅನ್ನು ಫಾಲ್ಸ್ ಮಾಡಿಕೊಳ್ಳಿ, ಕನ್ನಡ ಕಾಣುತ್ತದೆ.