ಟಿಎಂಟಿ, ಕಲರ್ ಶೀಟು, ಟ್ರಸ್ ಪೈಪು: ‘ಇಂಪೋರ್ಟ್ ಡ್ಯೂಟಿ’ ಹೆಸರಲ್ಲಿ ರೇಟು ಏರಿಸಿದ್ದಾರೆ, ಇದು ಸರಿಯಾ?

ಮೇಗರವಳ್ಳಿ_ಮನೆ ಕೇಳಿದ್ದು:

ತೀರ್ಥಹಳ್ಳಿ ತಾಲ್ಲೂಕು, ಮೇಗರವಳ್ಳಿ ಹತ್ತಿರ 1,500 ಚದರಡಿಯ ಆರ್‌ಸಿಸಿ ಮನೆ ಕಟ್ಟಿಸ್ತಾ ಇದೀವಿ. ತಾರಸಿ ಮೇಲೆ ಟ್ರಸ್ (ಪೈಪಿನ ಚೌಕಟ್ಟು) ನಿಲ್ಲಿಸಿ ಕಲರ್ ಶೀಟು ಹೊದೆಸಬೇಕು. ಇಳಿಜಾರು, ಸೂರು ಎಲ್ಲ ಸೇರಿ ಮಾಡು 2,000 ಚದರಡಿ ಆಗುತ್ತೆ.

ಹೋದ ತಿಂಗಳು ತಗೊಂಡ ಕೊಟೇಶನ್ನೇ ಬೇರೆ, ಈ ವಾರದ್ದೇ ಬೇರೆ. ಟಿಎಂಟಿ (ಕಾಂಕ್ರೀಟಿಗೆ ಹಾಕೋ ಕಬ್ಬಿಣದ ಸರಳು) ಕೆಜಿಗೆ 4 ರೂ., ಚೌಕ ಪೈಪು 6 ರೂ., ಶೀಟು 9 ರೂ. ಏರಿದೆ. ಕೇಳಿದ್ರೆ ‘ಫಾರಿನ್ ಸ್ಟೀಲ್ ಮೇಲೆ ಡ್ಯೂಟಿ ಹಾಕಿದಾರೆ, ನಮ್ಮ ಕೈಲಿಲ್ಲ’ ಅಂತಾರೆ. ಕೊಟೇಶನ್ ಕೆಳಗೆ ‘ಇಂಪೋರ್ಟ್ ಡ್ಯೂಟಿ ಎಕ್ಸ್‌ಟ್ರಾ’ ಅಂತ ಒಂದು ಸಾಲು ಕೂಡ ಇದೆ. ಶಿವಮೊಗ್ಗದ ಇನ್ನೊಂದು ಅಂಗಡಿಯಲ್ಲಿ ‘ವಿಯೆಟ್ನಾಂ ಮಾಲು’ ಅಂತ ಅದೇ 0.50 ಶೀಟನ್ನ ಕೆಜಿಗೆ 12 ರೂ. ಕಮ್ಮಿಗೆ ಕೊಡ್ತೀವಿ ಅಂತಿದಾರೆ.

ಡ್ಯೂಟಿ ಇಳಿಯೋವರೆಗೆ ಕಾಯೋದಾ, ಈಗಲೇ ತಗೊಳ್ಳೋದಾ? ವಿಯೆಟ್ನಾಂ ಶೀಟು ನಮ್ಮ ಮಳೆಗೆ ಆಗುತ್ತಾ?

ಲೆಕ್ಕಪತ್ರ_ಶಿವಮೊಗ್ಗ:

ಮೂರು ಮಾಲಿಗೂ ಒಂದೇ ಕಾರಣ ಹೇಳಿದಾರಲ್ಲ, ತಪ್ಪಿರೋದೇ ಅಲ್ಲಿ. ಈಗ ಎಲ್ಲರ ಬಾಯಲ್ಲಿರೋದು ಸೇಫ್‌ಗಾರ್ಡ್ ಸುಂಕ. ಅಂದ್ರೆ ಆಮದಿನಿಂದ ಇಲ್ಲಿನ ಮಿಲ್ಲುಗಳಿಗೆ ಪೆಟ್ಟು ಬೀಳದ ಹಾಗೆ ಹೊರಗಿನ ಮಾಲಿಗೆ ಹಾಕೋ ಹೆಚ್ಚುವರಿ ಸುಂಕ. ಅದು ಬಿದ್ದಿರೋದು ಫ್ಲ್ಯಾಟ್ ಸ್ಟೀಲ್ ಮೇಲೆ, ಅಂದ್ರೆ ಕಾಯಿಲ್ (ಸುರುಳಿ ಸುತ್ತಿದ ಉಕ್ಕಿನ ಹಾಳೆ), ಪ್ಲೇಟು, ಶೀಟಿನ ಮೇಲೆ. ಟಿಎಂಟಿ, ಆಂಗಲ್, ಚಾನೆಲ್, ಬೈಂಡಿಂಗ್ ವೈರ್ ಇವೆಲ್ಲ ಉದ್ದ ಮಾಲು, ಆ ಪಟ್ಟಿಯಲ್ಲೇ ಇಲ್ಲ. ಟಿಎಂಟಿ ಉರುಳಿಸೋ ಬಿಲೆಟ್ (ಉಕ್ಕಿನ ದಿಮ್ಮಿ) ಕೂಡ ಇಲ್ಲ. ಹಾಗಾಗಿ ನಿಮ್ಮ 4 ರೂಪಾಯಿಗೂ ಈ ಸುಂಕಕ್ಕೂ ಸಂಬಂಧ ಇಲ್ಲ.

ಇದು ಮೊನ್ನೆ ಮೊನ್ನೆ ಬಂದ ಸುಂಕವೂ ಅಲ್ಲ. 2025ರ ಏಪ್ರಿಲ್ 21ಕ್ಕೆ ತಾತ್ಕಾಲಿಕವಾಗಿ 200 ದಿನಕ್ಕೆ ಶೇ. 12 ಹಾಕಿದ್ರು. 2025ರ ಡಿಸೆಂಬರ್ 30ರ ಅಧಿಸೂಚನೆಯಲ್ಲಿ ಮೂರು ವರ್ಷಕ್ಕೆ ಖಾಯಂ ಮಾಡಿದ್ರು. ವರ್ಷದ ಲೆಕ್ಕ ಶುರುವಾಗೋದು ಆ ಹಳೇ ಏಪ್ರಿಲ್ 21ರಿಂದಲೇ: ಮೊದಲ ವರ್ಷ ಶೇ. 12, ಎರಡನೇ ವರ್ಷ 11.5, ಮೂರನೇ ವರ್ಷ 11. ಅಂದ್ರೆ ದರ ಇಳೀತಾ ಹೋಗುತ್ತೆ. ಹೋದ ತಿಂಗಳಿಂದ ಈ ತಿಂಗಳಿಗೆ ಆದ ಏರಿಕೆಗೆ ಇದನ್ನ ಕಾರಣ ಅಂತ ಹೇಳೋಕೆ ಬರಲ್ಲ.

ಇನ್ನೊಂದು ವಿಷಯ, ಬಂದ ಎಲ್ಲ ಮಾಲಿಗೂ ಸುಂಕ ಬೀಳಲ್ಲ. ಬಂದರಿಗೆ ತಲುಪೋ ಬೆಲೆ, ಅಂದ್ರೆ ಹಡಗು ಬಾಡಿಗೆ ಮತ್ತು ವಿಮೆ ಸೇರಿದ ಬೆಲೆ, ಒಂದು ಮಿತಿಗಿಂತ ಕಮ್ಮಿ ಇದ್ರೆ ಮಾತ್ರ. ಟನ್ನಿಗೆ ಹಾಟ್ ರೋಲ್ಡ್ ಕಾಯಿಲಿಗೆ 675 ಡಾಲರ್, ಕೋಲ್ಡ್ ರೋಲ್ಡ್ 824, ಬಣ್ಣ ಇಲ್ಲದ ಲೇಪನದ ಶೀಟು 861, ಕಲರ್ ಕೋಟೆಡ್ 964. ಹಲವು ಅಭಿವೃದ್ಧಿಶೀಲ ದೇಶಗಳಿಗೆ ವಿನಾಯ್ತಿ ಇದೆ. ಚೀನಾ, ವಿಯೆಟ್ನಾಂ, ನೇಪಾಳಕ್ಕೆ ಇಲ್ಲ.

ಲೆಕ್ಕ ಹಾಕಿ ನೋಡೋಣ. ಚೀನಾದಿಂದ ಬಂದ ಕಲರ್ ಕಾಯಿಲ್ ಬಂದರಲ್ಲಿ ಟನ್ನಿಗೆ 75,000 ರೂ., ಅಂದ್ರೆ ಮಿತಿಗಿಂತ ಕಮ್ಮಿ, ಅಂತ ಇಟ್ಕೊಳ್ಳಿ. ಮೂಲ ಕಸ್ಟಮ್ಸ್ ಸುಂಕ ಶೇ. 7.5, ಅಂದ್ರೆ 5,625. ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, 562.50. ಸೇಫ್‌ಗಾರ್ಡ್ ಎರಡನೇ ವರ್ಷದ ದರ ಶೇ. 11.5, ಅಂದ್ರೆ 8,625, ಇದಕ್ಕೆ ಸರ್ಚಾರ್ಜ್ ಇಲ್ಲ. ಕೂಡಿದ್ರೆ 89,812.50. ಈ ಮೊತ್ತದ ಮೇಲೆ ಆಮದಿಗೆ ಬೀಳೋ ಶೇ. 18 ಐಜಿಎಸ್‌ಟಿ ಸೇರಿ 1,05,979 ರೂ. ಸೇಫ್‌ಗಾರ್ಡ್ ಇಲ್ಲದೇ ಇದ್ದಿದ್ರೆ 95,801. ಜಿಎಸ್‌ಟಿ ಬಿಟ್ಟು ನೋಡಿದ್ರೆ ಈ ಸುಂಕದ ಪೂರ್ತಿ ಭಾರ ಕೆಜಿಗೆ 8.60 ರೂ. ಅಷ್ಟೇ. ಅವರು ಒಂದೇ ತಿಂಗಳಲ್ಲಿ ಏರಿಸಿರೋದು 9 ರೂ.!

ಕಾಯೋದರಲ್ಲಿ ಅರ್ಥ ಇಲ್ಲ. ಶೇ. 11.5 ಇರೋದು 11 ಆದಾಗ ಇದೇ ಲೆಕ್ಕದಲ್ಲಿ ಕೆಜಿಗೆ 37 ಪೈಸೆ ಕಮ್ಮಿ ಆಗುತ್ತೆ. ನಿಮ್ಮ ಮಾಡಿಗೆ ಬೇಕಾಗೋದು ಸುಮಾರು 850 ಕೆಜಿ, ಹೆಚ್ಚೆಂದ್ರೆ 320 ರೂಪಾಯಿ ಉಳಿತಾಯ.

ಆದ್ರೂ ನಮ್ಮಲ್ಲೇ ತಯಾರಾದ ಶೀಟಿನ ಬೆಲೆಗೆ ಸುಂಕ ತಟ್ಟೋದೇ ಇಲ್ಲ ಅಂತ ಅಲ್ಲ. ಆಮದು ಮಾಲು ಇಲ್ಲಿಗೆ ಎಷ್ಟಕ್ಕೆ ಬಂದು ಬೀಳುತ್ತೆ ಅಂತ ನೋಡ್ಕೊಂಡೇ ಇಲ್ಲಿನ ಮಿಲ್ಲುಗಳು ಕಾಯಿಲಿಗೆ ದರ ಕಟ್ಟೋದು. ಹೊರಗಿನದು ದುಬಾರಿ ಆದ್ರೆ ಬಳ್ಳಾರಿ ಕಡೆಯ ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಕಾಯಿಲಿಗೂ ಏರೋಕೆ ಜಾಗ ಸಿಗುತ್ತೆ. ಚೌಕ ಪೈಪು ಮಾಡೋದು ಹಾಟ್ ರೋಲ್ಡ್ ಕಾಯಿಲಿಂದ, ಪರ್ಲಿನ್ (ಶೀಟನ್ನ ಹೊರೋ ಅಡ್ಡಪಟ್ಟಿ) ಮಡಿಸೋದೂ ಕಾಯಿಲಿಂದ. ಅದರಿಂದ ಪೈಪು, ಪರ್ಲಿನ್, ಶೀಟು ಮೂರಕ್ಕೂ ಸುಂಕದ ಬಿಸಿ ಇದೆ, ಟಿಎಂಟಿಗೆ ಇಲ್ಲ.

‘ಇಂಪೋರ್ಟ್ ಡ್ಯೂಟಿ ಎಕ್ಸ್‌ಟ್ರಾ’ ಅನ್ನೋ ಸಾಲನ್ನ ತೆಗೆಸಿ. ಕಸ್ಟಮ್ಸ್ ಸುಂಕ ಕಟ್ಟೋನು ಆಮದುದಾರ, ಅದೂ ಬಂದರಲ್ಲಿ ಬಿಲ್ ಆಫ್ ಎಂಟ್ರಿ (ಆಮದು ಮಾಲಿನ ಘೋಷಣಾ ಪತ್ರ) ಹಾಕೋವಾಗ. ಅಂಗಡಿ ಬಿಲ್ಲಿಗೆ ಬರೋ ಹೊತ್ತಿಗೆ ಅದು ಮಾಲಿನ ಬೆಲೆಯೊಳಗೇ ಇರುತ್ತೆ. ನಿಮ್ಮ ಬಿಲ್ಲಲ್ಲಿ ತೆರಿಗೆ ಅಂತ ಕಾಣಬೇಕಾದ್ದು ಶೇ. 9 ಸಿಜಿಎಸ್‌ಟಿ, ಶೇ. 9 ಎಸ್‌ಜಿಎಸ್‌ಟಿ ಮಾತ್ರ. ಪ್ರತಿ ಸಾಲಿಗೂ ಮಾಲಿನ ವರ್ಗ ತೋರಿಸೋ ಎಚ್‌ಎಸ್‌ಎನ್ ಕೋಡ್ ಬರೆಸಿ. 7214 ಅಂದ್ರೆ ಸರಳು, 7216 ಆಂಗಲ್ ಮತ್ತು ಚಾನೆಲ್, 7210 ಲೇಪನದ ಶೀಟು, 7306 ಪೈಪು. 7214ರ ಎದುರು ಯಾರಾದ್ರೂ ಸೇಫ್‌ಗಾರ್ಡ್ ಕಥೆ ಹೇಳಿದ್ರೆ ಅಲ್ಲೇ ಹಿಡೀಬಹುದು.

ಸೈಟ್_ಇಂಜಿನಿಯರ್_ಹೊಸನಗರ:

ಮೇಲಿನ ಲೆಕ್ಕ ಸರಿಯಾಗಿದೆ. ಆದ್ರೆ ನಿಮ್ಮ ಹಣ ಜಾಸ್ತಿ ಹೋಗ್ತಾ ಇರೋದು ಶೀಟಲ್ಲಿ ಅಲ್ಲ, ಕಬ್ಬಿಣದಲ್ಲಿ. 1,500 ಚದರಡಿಗೆ ಚದರಡಿಗೆ 3.5ರಿಂದ 4 ಕೆಜಿ ಹಿಡಿದ್ರೂ ಐದೂವರೆ ಟನ್ ಟಿಎಂಟಿ ಬೇಕು. ಕೆಜಿಗೆ 4 ರೂ. ಅಂದ್ರೆ 22,000. ಶೀಟಿನ ಏರಿಕೆ 7,650 ರೂ. ಅಷ್ಟೇ. ಚೌಕಾಸಿ ಮಾಡೋದಾದ್ರೆ ಅಲ್ಲಿ ಮಾಡಿ.

ನಮ್ಮ ಕಡೆ ಬರೋ ಟಿಎಂಟಿಯಲ್ಲಿ ಬಹುಪಾಲು ಸೆಕೆಂಡರಿ ಮಿಲ್ಲುಗಳದ್ದು, ಅಂದ್ರೆ ಗುಜರಿ, ಸ್ಪಾಂಜ್ ಐರನ್ ಕರಗಿಸಿ ಸರಳು ಮಾಡೋ ಸಣ್ಣ ಮಿಲ್ಲುಗಳದ್ದು. ಅದರ ದರ ನಿಂತಿರೋದು ಸಂಡೂರು, ಬಳ್ಳಾರಿ ಕಡೆಯ ಅದಿರು, ಸ್ಪಾಂಜ್ ಐರನ್, ಕಲ್ಲಿದ್ದಲು, ಗುಜರಿ, ಕರೆಂಟಿನ ಮೇಲೆ. ದಿನಾ ಬದಲಾಗುತ್ತೆ. ದೊಡ್ಡ ಮಿಲ್ಲುಗಳು ಸಾಮಾನ್ಯವಾಗಿ ತಿಂಗಳ ಶುರುವಿಗೆ ಪಟ್ಟಿ ಬದಲಾಯಿಸ್ತಾರೆ. ಮಳೆಗಾಲದಲ್ಲಿ ಕೆಲಸ ನಿಲ್ಲೋದರಿಂದ ದರ ಸಡಿಲ ಇರೋದೇ ಹೆಚ್ಚು, ಮಳೆ ಬಿಟ್ಟ ಮೇಲೆ ಬೇಡಿಕೆ ಏರುತ್ತೆ. (ಭದ್ರಾವತಿ ಇಷ್ಟು ಹತ್ತಿರ ಇದ್ದೂ ಯಾಕೆ ಅಗ್ಗ ಸಿಗಲ್ಲ ಅಂತ ಸುಮಾರು ಜನ ಕೇಳ್ತಾರೆ. ಅಲ್ಲಿನ ವಿಐಎಸ್‌ಎಲ್ ಮಿಶ್ರಲೋಹ, ವಿಶೇಷ ಉಕ್ಕಿನ ಕಾರ್ಖಾನೆ, ಮನೆ ಕಟ್ಟೋ ಸರಳಿನದ್ದಲ್ಲ.)

ರೇಟಿಗಿಂತ ತೂಕದ ಕಡೆ ಗಮನ ಕೊಡಿ. ವ್ಯಾಸವನ್ನ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದ್ರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತೆ. 8 ಎಂಎಂ 0.395, 10 ಎಂಎಂ 0.617, 12 ಎಂಎಂ 0.888, 16 ಎಂಎಂ 1.58. ಸರಳಿನ ಭಾರತೀಯ ಮಾನಕ ಐಎಸ್ 1786 ಪ್ರಕಾರ ಒಂದು ಬ್ಯಾಚಿನಲ್ಲಿ 10 ಎಂಎಂವರೆಗೆ ಶೇ. 7, ಅದರ ಮೇಲೆ 16 ಎಂಎಂವರೆಗೆ ಶೇ. 5 ಹೆಚ್ಚುಕಮ್ಮಿ ಇರಬಹುದು. 12 ಮೀಟರಿನ 12 ಎಂಎಂ ಸರಳು 10.66 ಕೆಜಿ ಬರಬೇಕು, ಬ್ಯಾಚಿನ ಸರಾಸರಿ 10.1ಕ್ಕಿಂತ ಕೆಳಗೆ ಹೋದ್ರೆ ವಾಪಸ್ ಕಳಿಸಿ. ತುಂಡು ಲೆಕ್ಕದಲ್ಲಿ ಕೊಡ್ತೀವಿ ಅಂದ್ರೆ ಒಪ್ಪಬೇಡಿ, ವೇ ಬ್ರಿಡ್ಜ್ ಚೀಟಿ ಮೇಲೇ ದುಡ್ಡು ಕೊಡಿ. ಸಪೂರ ಸರಳನ್ನ ತುಂಡಿನ ಲೆಕ್ಕದಲ್ಲಿ ತಗೊಂಡ್ರೆ ದುಡ್ಡು ಹೋಗೋದರ ಜೊತೆ ಸ್ಲ್ಯಾಬಿಗೆ ಬೀಳೋ ಉಕ್ಕೂ ಡ್ರಾಯಿಂಗಲ್ಲಿ ಇದ್ದದ್ದಕ್ಕಿಂತ ಕಮ್ಮಿ ಆಗುತ್ತೆ.

ಪೈಪಿಗೂ ಇದೇ ಮಾತು. 50×50×2 ಎಂಎಂ ಚೌಕ ಪೈಪು 6 ಮೀಟರಿಗೆ ಹದಿನೇಳೂವರೆಯಿಂದ 18 ಕೆಜಿ ತೂಗಬೇಕು. 14 ಕೆಜಿ ಚಿಲ್ಲರೆ ಬಂತು ಅಂದ್ರೆ ಗೋಡೆ 1.6 ಎಂಎಂ ಇದೆ ಅಂತ ಅರ್ಥ. ಐಎಸ್ 4923 ಗುರುತು ಇರೋದನ್ನೇ ಕೇಳಿ.

ಮಾಡು_ಟ್ರಸ್_ಸಾಗರ:

ವಿಯೆಟ್ನಾಂ ಶೀಟಿನ ಬಗ್ಗೆ ಹೇಳ್ತೀನಿ. ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ) ವ್ಯಾಪಾರ ಒಪ್ಪಂದದಡಿ, ಮಾಲು ಯಾವ ದೇಶದ್ದು ಅಂತ ಹೇಳೋ ಮೂಲ ಪ್ರಮಾಣಪತ್ರ ಇದ್ರೆ ಅಲ್ಲಿನ ಹೆಚ್ಚಿನ ಉಕ್ಕಿಗೆ ಮೂಲ ಕಸ್ಟಮ್ಸ್ ಸುಂಕ ಇಲ್ಲ. ಮೇಲಿನ ಲೆಕ್ಕದಲ್ಲಿ ಸರ್ಚಾರ್ಜ್ ಸೇರಿ 6,187 ರೂ. ಉಳೀತು, ಅಂದ್ರೆ ಕೆಜಿಗೆ 6 ರೂ. ಆಸುಪಾಸು. ಸೇಫ್‌ಗಾರ್ಡ್ ಮಾತ್ರ ತಪ್ಪಲ್ಲ. ಹಾಗಾದ್ರೆ 12 ರೂಪಾಯಿಯಲ್ಲಿ ಉಳಿದ 6 ರೂ. ಎಲ್ಲಿಂದ ಬಂತು? ಸಾಮಾನ್ಯವಾಗಿ ಲೇಪನ ತೆಳು ಮಾಡಿರ್ತಾರೆ, ಇಲ್ಲಾಂದ್ರೆ ಅದು ಸೆಕೆಂಡ್ಸ್ (ದೋಷ ಇರೋ ಎರಡನೇ ದರ್ಜೆಯ) ಕಾಯಿಲ್.

ಮೊದಲು ಕೇಳಬೇಕಾದ್ದು ‘0.50 ಅಂದ್ರೆ ಯಾವ 0.50?’ ಅಂತ. ಲೋಹದ ಲೇಪನ ಸೇರಿ, ಬಣ್ಣ ಬಿಟ್ಟು 0.50 ಆದ್ರೆ ಒಳಗಿನ ಉಕ್ಕು ಸುಮಾರು 0.46. ಬಣ್ಣವನ್ನೂ ಸೇರಿಸಿ 0.50 ಅಂದಿದ್ರೆ ಉಕ್ಕು 0.42 ಚಿಲ್ಲರೆ ಅಷ್ಟೇ. ಮೈಕ್ರೋಮೀಟರ್ ಇಟ್ರೆ ಎರಡೂ 0.50ರ ಹತ್ತಿರವೇ ಕಾಣಬಹುದು. ತೂಕ ಮಾಡಿದ್ರೆ ಗೊತ್ತಾಗುತ್ತೆ: 1,220 ಎಂಎಂ ಅಗಲದ ಕಾಯಿಲಿಂದ ಮಾಡಿದ ಶೀಟು ಮೊದಲನೇದು ಮೀಟರಿಗೆ 4.6 ಕೆಜಿ, ಎರಡನೇದು 4.3 ಕೆಜಿ.

ಆಮೇಲೆ ಲೇಪನ. ಅಲ್ಯೂಮಿನಿಯಂ-ಸತು ಲೇಪನದಲ್ಲಿ ಎಜಡ್ 150 ಅಂದ್ರೆ ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ, ಎಜಡ್ 70 ಅಂದ್ರೆ ಅದರ ಅರ್ಧಕ್ಕಿಂತ ಕಮ್ಮಿ. ಮೇಗರವಳ್ಳಿ ಅಂದ್ರೆ ಆಗುಂಬೆ ಮಳೆಯ ಬಾಗಿಲು. ಅಲ್ಲಿ ತಿಂಗಳುಗಟ್ಟಲೆ ಶೀಟು ಒಣಗೋದೇ ಇಲ್ಲ. ಎಜಡ್ 70 ಹಾಕಿದ್ರೆ ಮೊದಲು ಕತ್ತರಿಸಿದ ಅಂಚಲ್ಲಿ, ಆಮೇಲೆ ಸ್ಕ್ರೂ ತೂತಿನ ಸುತ್ತ ತುಕ್ಕು ಏಳುತ್ತೆ. ಎಜಡ್ 150ಕ್ಕಿಂತ ಕೆಳಗಿಳಿಯಬೇಡಿ.

ಶೀಟಿನ ಹಿಂಬದಿ ತಿರುಗಿಸಿ ನೋಡಿ. ಒಳ್ಳೆ ಕಾಯಿಲ್ ಆದ್ರೆ ತಯಾರಕರ ಹೆಸರು, ದಪ್ಪ, ಲೇಪನ, ಐಎಸ್ 15965 ಗುರುತು ಉದ್ದಕ್ಕೂ ಪ್ರಿಂಟ್ ಆಗಿರುತ್ತೆ. ಶಿವಮೊಗ್ಗದಲ್ಲಿ ಶೀಟು ಎಳೆಯೋರು ಕಾಯಿಲ್ ತರಿಸಿ ಅಚ್ಚು ಹೊಡೆಯೋರು, ಹಾಗಾಗಿ ಕಾಯಿಲ್ ನಂಬರ್ ಸಮೇತ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳೋದು ನಿಮ್ಮ ಹಕ್ಕು. ಈ ಗುರುತು ಹಾಕಬೇಕಾದ್ರೆ ವಿದೇಶದ ಮಿಲ್ಲಿಗೂ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲೈಸೆನ್ಸ್ ಬೇಕೇ ಬೇಕು. ಗುರುತಿನ ಜೊತೆಗಿರೋ ಸಿಎಂ/ಎಲ್ ನಂಬರನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದ್ರೆ ಲೈಸೆನ್ಸ್ ಯಾರದ್ದು, ಯಾವ ಮಾಲಿಗೆ ಅಂತ ಬರುತ್ತೆ.

ಮೇಗರವಳ್ಳಿ_ಮನೆ:

ಎಲ್ಲರಿಗೂ ಧನ್ಯವಾದ. ವಿಯೆಟ್ನಾಂ ಶೀಟಿನ ಹಿಂಬದಿ ನೋಡಿದೆ, ಬರೀ ಬಿಳಿ, ಒಂದಕ್ಷರ ಇಲ್ಲ. ಅದನ್ನ ಬಿಟ್ಟೆ. ಎರಡು ಪ್ರಶ್ನೆ ಉಳಿದಿದೆ. ಕಂಟ್ರಾಕ್ಟರ್ ಕರಾರಿಗೆ ‘ಸುಂಕ ಏರಿದ್ರೆ ಹೆಚ್ಚುವರಿ’ ಅಂತ ಸೇರಿಸಬೇಕು ಅಂತಿದಾರೆ, ಒಪ್ಪಬಹುದಾ? ಶೀಟನ್ನ ಈಗಲೇ ತಂದು ಅಡಿಕೆ ಅಂಗಳದ ಚಪ್ಪರದಡಿ ಇಟ್ಕೊಂಡ್ರೆ ಏನಾದ್ರೂ ತೊಂದರೆ ಇದೆಯಾ?

ಲೆಕ್ಕಪತ್ರ_ಶಿವಮೊಗ್ಗ:

ಹಾಗೇ ಒಪ್ಪಬೇಡಿ ಸರ್. ಹೀಗೆ ಬರೆಸಿ: ಕರಾರಿನ ದಿನದ ಮೂಲ ದರ ಇಷ್ಟು (ಟಿಎಂಟಿ, ಪೈಪು, ಶೀಟು ಬೇರೆ ಬೇರೆಯಾಗಿ), ಮಾಲು ಬಂದ ದಿನದ ಜಿಎಸ್‌ಟಿ ಬಿಲ್ಲಿನ ದರ ಅದಕ್ಕಿಂತ ಶೇ. 5ಕ್ಕೂ ಹೆಚ್ಚು ಏರಿದ್ರೆ ಆ ಶೇ. 5ರ ಮೇಲಿನ ಅಂತರ ಮಾತ್ರ ಮಾಲೀಕರು ಕೊಡೋದು, ಶೇ. 5ಕ್ಕೂ ಹೆಚ್ಚು ಇಳಿದ್ರೆ ಅದೇ ರೀತಿ ಶೇ. 5 ಮೀರಿದ ಅಂತರ ಕಂಟ್ರಾಕ್ಟರ್ ಬಿಡೋದು. ‘ಸುಂಕ’ ಅನ್ನೋ ಪದವೇ ಬೇಡ, ಬಿಲ್ಲಿನ ದರ ಇದ್ರೆ ಸಾಕು.

ಮಾಡು_ಟ್ರಸ್_ಸಾಗರ:

ಮಳೆಗಾಲದಲ್ಲಿ ಶೀಟು ತಂದು ಇಡಬೇಡಿ. ಒಂದರ ಮೇಲೊಂದು ಪೇರಿಸಿದಾಗ ನಡುವೆ ನೀರು ಹೊಕ್ಕರೆ ಆರಲ್ಲ, ಗಾಳಿ ಸಿಗದೆ ಲೇಪನ ಕಪ್ಪಾಗಿ ಕೆಡುತ್ತೆ. ಮೇಲೆ ಟಾರ್ಪಾಲ್ ಬಿಗಿದ್ರೆ ಒಳಗೆ ಬೆವರಿ ಇನ್ನೂ ಬೇಗ. ಇಡಲೇಬೇಕು ಅಂದ್ರೆ ನೆಲದಿಂದ ಒಂದಡಿ ಎತ್ತರಕ್ಕೆ ಒಣ ರೀಪು ಹಾಕಿ, ಒಂದು ತುದಿ ಸ್ವಲ್ಪ ತಗ್ಗಿಗೆ ಬರೋ ಹಾಗೆ ಇಡಿ, ಸುತ್ತ ಗಾಳಿ ಆಡಲಿ.

ಅಂಗಳ ಅಂದ್ರಲ್ಲ, ಅಲ್ಲಿ ಬೋರ್ಡೋ (ಅಡಿಕೆಗೆ ಹೊಡೆಯೋ ಮೈಲುತುತ್ತು-ಸುಣ್ಣದ ಔಷಧಿ) ಕಲೆಸೋ ಡ್ರಮ್ಮು ಇದ್ಯಾ? ಮೈಲುತುತ್ತಿನ ನೀರು ಶೀಟಿಗೆ ತಾಗಬಾರದು. ತಾಮ್ರದಂಶ ಸತು, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತೆ, ಬಣ್ಣ ಗೀಚಿದ ಕಡೆ, ಕತ್ತರಿಸಿದ ಅಂಚಲ್ಲಿ ಮೊದಲು ಶುರು. ತೋಟ ಮನೆಗೆ ಒತ್ತಿಕೊಂಡಿದ್ರೆ ಔಷಧಿ ಹೊಡೆದ ದಿನ ಮಾಡಿನ ಮೇಲೆ ಬಿದ್ದದ್ದನ್ನ ಅವತ್ತೇ ಪೈಪಲ್ಲಿ ನೀರು ಬಿಟ್ಟು ತೊಳೆಸಿ.

ಕತ್ತರಿಸೋಕೆ ಗ್ರೈಂಡರ್ ಬಿಡಬೇಡಿ, ಕಿಡಿ ಬಿದ್ದ ಕಡೆಯೆಲ್ಲ ತುಕ್ಕಿನ ಚುಕ್ಕಿ ಏಳುತ್ತೆ. ನಿಬ್ಲರ್ ಅಥವಾ ಶೀಟು ಕತ್ತರಿ ಬಳಸಲಿ. ಸ್ಕ್ರೂ ಉಬ್ಬಿನ ಮೇಲೆ ಹೊಡೆಸಿ, ತಗ್ಗಿನಲ್ಲಿ ಹೊಡೆದ್ರೆ ನೀರು ಅದರ ಮೇಲೇ ಹರಿಯುತ್ತೆ. ಇಪಿಡಿಎಂ ರಬ್ಬರ್ ವಾಷರ್ ಇರೋ ಸ್ಕ್ರೂ ತರಿಸಿ, ವಾಷರ್ ಹೊರಗೆ ಚಪ್ಪಟೆಯಾಗಿ ಹಿಸುಕಿ ಬರೋಷ್ಟು ಬಿಗಿಸೋದು ಬೇಡ.